ವರ ಮತ್ತು ಖಾಲಿ

ಜಾಕು ಜಾರಬಹುದಿತ್ತು. ಜಾಕಿನ ಕೆಳಗಿಟ್ಟ ಹಲಗೆ ಬಿರಿಯಬಹುದಿತ್ತು. ಹಲಗೆ ಗಟ್ಟಿಯಿದ್ದರೂ ಅದರ ಕೆಳಗಿನ ನೆಲ ಕುಸಿಯಬಹುದಿತ್ತು, ಏಕೆಂದರೆ ಆ ಜಾಗದಲ್ಲಿ ಯಾವುದೋ ಕಾಲಕ್ಕೆ ಜೋಳ ತುಂಬುವ ಹಗೇವು ಇತ್ತೆಂದು ಮಾವ ಹಿಂದಿನ ದಿನವಷ್ಟೇ, ಊಟದ ನಡುವೆ, ಉಪ್ಪು ಕೇಳಿದಷ್ಟು ಸಹಜವಾಗಿ ಹೇಳಿದ್ದರು. ತೊಲೆ ನಡುವೆ ಸೀಳು ಬಿಡಬಹುದಿತ್ತು. ತೊಲೆ ಉಳಿದು ಅದರ ಮೇಲಿನ ಜಂತಿಗಳು ಒಂದೊಂದಾಗಿ ಕಳಚಬಹುದಿತ್ತು. ಜಂತಿಗಳೂ ಉಳಿದು, ಅವುಗಳ ಮೇಲಿನ ಮಣ್ಣು ಮಾತ್ರ ನನ್ನ ತಲೆಯನ್ನೇ ಆರಿಸಿಕೊಂಡು ಬೀಳಬಹುದಿತ್ತು. ಒಂದು ಜಾಕು ಏರಿ ಇನ್ನೊಂದು ಏರದೆ ಎಲ್ಲವೂ ಒಂದು ಕಡೆ ವಾಲಬಹುದಿತ್ತು. ಮಾವನವರಿಗೆ ಸೀನು ಬರಬಹುದಿತ್ತು. ಅವರು ಒಂದು ಸೀನಿಗೆ ನಿಲ್ಲುವವರಲ್ಲ. ಹಳೆಯ ಕಂಬದ ಟೊಳ್ಳಿನಿಂದ ಹಾವು ಹೊರಡಬಹುದಿತ್ತು. ತೊಲೆ ಗಾಳಿಯಲ್ಲಿರುವಾಗಲೇ ಮಿಸ್ತ್ರಿಗೆ ಹೊಟ್ಟೆ ನೋವು ಶುರುವಾಗಬಹುದಿತ್ತು. ಇದ್ಯಾವುದೂ ಆಗದಿದ್ದರೂ, ಭೂಮಿ ಇನ್ನೊಂದು ಸಲ ಅಲುಗಾಡಲು ಅದೇ ಗಳಿಗೆಯನ್ನು ಹಿಡಿಯಬಹುದಿತ್ತು. ಓದುವವರು ಬೇಕಾದರೆ ನಗಲಿ. ನಿಲಂಗಾದಲ್ಲಿ ಆ ದಿನಗಳಲ್ಲಿ ಈ ಕೊನೆಯ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಪಡಸಾಲೆಯ ಕಂಬ ಬದಲಿಸುವ ಹಿಂದಿನ ಸಂಜೆ ಇದನ್ನೆಲ್ಲ ಹೆಂಡತಿಗೆ ಒಪ್ಪಿಸಿದೆ. ಆಕೆ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿದಳು. ಕೇಳಿ, "ಎಲ್ಲಾ ಹೇಳಿದ್ರಿ. ನಾಳಿ ಮಿಸ್ತ್ರಿಗಿ ನಾಷ್ಟಾ ಏನು ಮಾಡಬೇಕು ಅದೊಂದು ಹೇಳಲಿಲ್ಲ" ಅಂದಳು.

ನಾನು ಆ ಮನೆಯ ಮನೆ ಅಳಿಯ. ಹುಟ್ಟಿದ್ದು ಗಡಿಯ ಆಚೆ, ಭಾಲ್ಕಿ ಕಡೆ. ನಿಲಂಗಾದ ಮರಾಠಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು, ಅದರ ಹಿಂದೆಯೇ ಸಂಬಂಧವೂ ಬಂತು. ಹುಡುಗಿ ಒಬ್ಬಳೇ ಮಗಳು, ಮನೆಯಲ್ಲಿ ಕನ್ನಡವೇ ಮಾತು, ಮಾವ ಜಂಗಮರು. ಸುತ್ತಲಿನ ಭಕ್ತರ ಮನೆಗಳಿಗೆ ಪೂಜೆಗೆ ಹೋಗಿ ಬಂದು ಮಾಡುತ್ತಿದ್ದರು. ಬಾಡಿಗೆ ಉಳಿಯುತ್ತದೆ ಎಂದು ನಾನು ಒಪ್ಪಿಕೊಂಡೆ. ತಲೆಯ ಮೇಲೆ ಏನಿದೆ ಎಂದು ಆಗ ನೋಡಲಿಲ್ಲ.

ತಲೆಯ ಮೇಲೆ ಇದ್ದದ್ದು ಮೇಲ್ಮುದ್ದೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರಬಾರದೆಂದು ಪ್ರತಿ ವರ್ಷ ಇನ್ನಷ್ಟು ಬುಟ್ಟಿ ಮಣ್ಣು ಹಾಕಿ ತುಳಿಯುವುದು ಪದ್ಧತಿ. ಹಾಕಿದ್ದನ್ನು ಯಾರೂ ತೆಗೆಯುವುದಿಲ್ಲ. ಮುತ್ತಜ್ಜನ ಕಾಲದ ಮಣ್ಣು, ಅಜ್ಜನ ಕಾಲದ ಮಣ್ಣು, ಮಾವನ ಕಾಲದ ಮಣ್ಣು, ಎಲ್ಲವೂ ಪಡಸಾಲೆಯ ನಾಲ್ಕು ಕಂಬಗಳ ಮೇಲೆ ಕುಳಿತಿತ್ತು. ನಾನು ಅಳಿಯನಾಗಿ ಬರುವ ಮುಂಚೆ ಆದ ಭೂಕಂಪದಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ಜನರ ಮೇಲೆ ಬಿದ್ದದ್ದು ಇಂಥ ಮಣ್ಣು ಮತ್ತು ಇದನ್ನು ಹೊತ್ತ ಕಲ್ಲಿನ ಗೋಡೆ. ನಮ್ಮ ಮನೆ ಬೀಳಲಿಲ್ಲ. ಗೋಡೆ ಬಿರಿಯಿತು, ಬಾಗಿಲೊಂದು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು, ಅಷ್ಟೇ.

ಆವತ್ತು ಅತ್ತೆ ಹಾಸಿಗೆ ಎತ್ತಿಕೊಂಡು ಅಂಗಳಕ್ಕೆ ಹೋದರು. ಆಗ ಊರಿಗೆ ಊರೇ ಅಂಗಳದಲ್ಲಿತ್ತು, ಅದರಲ್ಲಿ ವಿಶೇಷವೇನಿರಲಿಲ್ಲ. ವರ್ಷ ಕಳೆದಂತೆ ಒಬ್ಬೊಬ್ಬರೇ ಒಳಗೆ ಬಂದರು. ಅತ್ತೆ ಬರಲಿಲ್ಲ. ಬೇಸಿಗೆ ಚಳಿಗಾಲ ಹೇಗೋ ಕಳೆಯುತ್ತಿತ್ತು. ಮಳೆ ಬಂದರೆ ಕಂಪೌಂಡಿಗೆ ಆನಿಸಿದ ತಗಡಿನ ಕೆಳಗೆ ಹೋಗುತ್ತಿದ್ದರು, ಅಲ್ಲಿಂದ ಶುರುವಾದ ಕೆಮ್ಮು ದಸರಾ ದಾಟುತ್ತಿತ್ತು. ಪಡಸಾಲೆಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಡುಗೆಮನೆಗೆ ಹೋಗಲು ಅದನ್ನು ಹಾಯಬೇಕಿತ್ತು. ಲಾರಿ ಓಡಾಡುವ ರಸ್ತೆ ದಾಟುವ ಹಾಗೆ ದಾಟುತ್ತಿದ್ದರು.

ಆ ವರ್ಷ ಉದಗೀರದ ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿ, ಇನ್ನೊಂದು ಮಳೆಗಾಲ ಹಸಿ ನೆಲದ ಮೇಲೆ ಮಲಗಿದರೆ ತನ್ನ ಹತ್ತಿರ ಕರೆತರುವುದು ಬೇಡ, ಸೀದಾ ದೊಡ್ಡ ಆಸ್ಪತ್ರೆಗೇ ಒಯ್ಯಿರಿ ಅಂದರು. ಮನೆಗೆ ಬಂದ ಮೇಲೆ ಹೆಂಡತಿ ತಾಯಿಯ ಮುಂದೆ ಕುಳಿತು, ಮಿರಗದ ಮಳೆ ಬರುವುದರೊಳಗೆ ಒಳಗೆ ಬಂದು ಮಲಗಬೇಕು ಅಂದಳು. ಬೇಡಿದಳು, ಬೈದಳು, ಅತ್ತಳು. ಅತ್ತೆ ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದವರು ಪಡಸಾಲೆಯ ಒಂದು ಕಂಬದ ಕಡೆ ಗದ್ದ ತೋರಿಸಿದರು.

"ಅದು ನಿಂತಂಗ ಮಾಡ್ತದ. ನಿಂತಿಲ್ಲ."

ಎಲ್ಲರೂ ಅದನ್ನು ಮುದುಕಿಯ ಮಾತು ಎಂದರು. ನನ್ನಂಥವನಿಗೆ ಹಾಗೆ ಬಿಡಲಾಗುತ್ತದೆಯೇ? ಮರುದಿನ ಕಂಬದ ಬುಡಕ್ಕೆ ಪೆನ್ಸಿಲ್ ಒತ್ತಿದೆ. ಪೆನ್ಸಿಲ್ ಒಳಗೆ ಹೋಯಿತು. ಇನ್ನೂ ಒತ್ತಿದೆ, ಇನ್ನೂ ಹೋಯಿತು. ಗೆದ್ದಲು ಒಳಗನ್ನೆಲ್ಲ ತಿಂದು, ಹೊರಗಿನ ಬಣ್ಣವನ್ನಷ್ಟೇ ಮರ್ಯಾದೆಗೆ ಬಿಟ್ಟಿತ್ತು. ಆವತ್ತಿನಿಂದ ಅಂಗಳದಲ್ಲಿ ಅತ್ತೆಯ ಪಕ್ಕ ನನಗೂ ಸ್ವಲ್ಪ ಜಾಗ ಕೇಳಬೇಕೆನ್ನಿಸುತ್ತಿತ್ತು, ಆದರೆ ಮನೆ ಅಳಿಯನಿಗೆ ಅಷ್ಟು ಸಲಿಗೆ ಇರುವುದಿಲ್ಲ. ಮಾವ ಮಾತ್ರ ಅದೇ ಕಂಬಕ್ಕೆ ತಲೆಮಾಡಿ ಮಲಗಿ, ಬೆಳಿಗ್ಗೆ ಎದ್ದು, "ನೋಡ್ರಿ, ನಾ ಇನ್ನಾ ಅದೀನಿ" ಎಂದು ನಗುತ್ತಿದ್ದರು.

"ಕಂಬ ಬದಲಸ್ರಿ, ಒಳಗ ಬರ್ತೀನಿ" ಎಂದು ಅತ್ತೆ ಮಾತು ಕೊಟ್ಟರು. ಹಾಗಾಗಿ ಎಲ್ಲವೂ ಆ ಕಂಬಕ್ಕೆ ಬಂದು ನಿಂತಿತು.

ಮಿಸ್ತ್ರಿ ಉದಗೀರದವನು. ಭೂಕಂಪದ ನಂತರ ಸಾಸ್ತೂರ ಕಡೆ ಅರೆಬಿದ್ದ ಮನೆಗಳನ್ನು ಇಳಿಸುವ ಕೆಲಸ ಮಾಡಿದ್ದ. ಮರಾಠಿ, ದಖನಿ ಎರಡೂ ನೀರು ಕುಡಿದ ಹಾಗೆ. ಕನ್ನಡ ಒಂದಕ್ಷರ ಬಾರದು. ತೊಲೆಯನ್ನು ನೋಡಿ, ತಂಬಾಕು ತಿಕ್ಕಿ, ಎರಡು ಟ್ರಕ್ ಜಾಕು ಸಾಕು ಅಂದ. ನಾನು ಕನಿಷ್ಠ ಒಂದು ಕ್ರೇನ್ ನಿರೀಕ್ಷಿಸಿದ್ದೆ. ಹೊಸ ಕಂಬವನ್ನು ಅವನೇ ಹುಡುಕಿದ. ಉಮರ್ಗಾ ಕಡೆಯ ಬಿದ್ದ ವಾಡೆಯೊಂದರ ಸಾಗುವಾನಿ ಕಂಬ. ಬಿದ್ದ ಮನೆಯ ಕಂಬವನ್ನು ನಿಂತ ಮನೆಗೆ ತರುವುದೇ ಎಂದು ಅತ್ತೆ ಅನುಮಾನಿಸಿದಾಗ ಮಾವ, "ಮನಿ ಬಿದ್ದದ, ಕಂಬ ಬಿದ್ದಿಲ್ಲ" ಅಂದು ಆ ಮಾತು ಮುಗಿಸಿದರು.

ವಿಚಿತ್ರವೆಂದರೆ ಶಾಲೆಯಲ್ಲಿ ನಾನು ಆಗ ಕಲಿಸುತ್ತಿದ್ದದ್ದು ಇದೇ ಪಾಠ. ಸನ್ನೆ, ರಾಟೆ, ಇಳಿಜಾರು, ಬೆಣೆ, ತಿರುಪು. ಸ್ವಲ್ಪ ಬಲದಿಂದ ದೊಡ್ಡ ಭಾರ ಎತ್ತುವ ಲಾಭಕ್ಕೆ ಮರಾಠಿ ಪುಸ್ತಕದಲ್ಲಿ 'ಯಾಂತ್ರಿಕ ಫಾಯದಾ' ಎಂದು ಹೆಸರು. ಜಾಕಿನ ಒಳಗಿರುವುದು ತಿರುಪು. ತಿರುಪು ಎಂದರೆ ಒಂದು ಸರಳಿಗೆ ಸುತ್ತಿದ ಇಳಿಜಾರು. ಗುಡ್ಡವನ್ನು ಎದುರಿಗೆ ಹತ್ತಲಾರದವನು ಸುತ್ತು ಹಾಕಿ ಹತ್ತುತ್ತಾನಲ್ಲ, ಹಾಗೆ ಭಾರ ಏರುತ್ತದೆ. ಹಿಡಿಕೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ತೊಲೆ ಏರುವುದು ತಿರುಪಿನ ಒಂದು ಎಳೆಯಷ್ಟು. ಕೈಗೆ ಹಗುರ, ಆದರೆ ಕೈ ಬಹಳ ದೂರ ನಡೆಯಬೇಕು. ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ. ತಿಕ್ಕಾಟ ಸೇರಿಸಿದರೆ ಹೆಚ್ಚೇ ಆಗುತ್ತದೆ.

ಇದನ್ನು ಅತ್ತೆಗೆ ಧೈರ್ಯ ಬರಲೆಂದು ಒಮ್ಮೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು.

"ಕೆಲಸ ಅಷ್ಟೇ ಅಂತೀರಿ. ಮತ್ತ ಫಾಯ್ದೆ ಯಾರಿಗಿ, ಅಳ್ಯಾರ?"

ಕೈಗೆ, ಅಂದೆ. ಅವರು ನಂಬಲಿಲ್ಲ. ಅಡಿಕೆಯನ್ನು ಅಡಕೊತ್ತಿನ ಮೂಲೆಗೆ, ಕೀಲಿನ ಹತ್ತಿರಕ್ಕೆ ತಳ್ಳಿ, ಎರಡು ಬೆರಳಲ್ಲಿ ಕಟಕ್ ಎನ್ನಿಸಿ ಬಾಯಿಗೆ ಹಾಕಿಕೊಂಡರು. ಅದೂ ಅದೇ ಪಾಠ. ಅದನ್ನು ಹೇಳಿದ್ದರೆ ಫಾಯ್ದೆಯ ಪ್ರಶ್ನೆ ಮತ್ತೆ ಬರುತ್ತಿತ್ತು.

ನಾನೂ ತಿರುಪಿನ ಜಾತಿಯವನೇ ಎಂದು ಆ ದಿನಗಳಲ್ಲಿ ಹೊಳೆಯಿತು. ಸುತ್ತುತ್ತೇನೆ, ಸುತ್ತುತ್ತೇನೆ, ಒಂದು ಎಳೆ ಮುಂದೆ ಹೋಗಿರುತ್ತೇನೆ. ಹೆಂಡತಿ ಸುತ್ತಿಗೆಯ ಜಾತಿ.

ಈ ಸುತ್ತಾಟದಲ್ಲಿ ನನಗೆ ಕಂಡ ಅತಿ ದೊಡ್ಡ ಅಪಾಯ ಯಾವುದೆಂದರೆ ಮಾತು. ಜಾಕು ತಿರುಗಿಸುವವರು ಇಬ್ಬರು, ನಾನು ಮತ್ತು ಮಾವ. ಹೇಳುವವನು ಮಿಸ್ತ್ರಿ. ಅವನು ಮರಾಠಿಯಲ್ಲಿ ಹೇಳಿ, ನಾವು ಕನ್ನಡದಲ್ಲಿ ಚರ್ಚಿಸಿ, ಹೆಂಡತಿ ಅಡುಗೆಮನೆಯಿಂದ ಎರಡರಲ್ಲೂ ಸಲಹೆ ಕೊಟ್ಟು, ಒಬ್ಬ ಏರಿಸುವಾಗ ಇನ್ನೊಬ್ಬ ಇಳಿಸಿಬಿಟ್ಟರೆ? ಆದ್ದರಿಂದ ನಾನೊಂದು ನಿಯಮ ಮಾಡಿದೆ. ಕೆಲಸ ನಡೆದಿರುವಷ್ಟು ಹೊತ್ತು ಎರಡೇ ಶಬ್ದ, ಅವೂ ಮಿಸ್ತ್ರಿಯ ಮರಾಠಿಯವು. ಮೇಲೆ ಎನ್ನಲು 'ವರ', ಕೆಳಗೆ ಎನ್ನಲು 'ಖಾಲಿ'. ಅಪಾಯ ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಹೇಳಲಾಗದು, ಹಾಗಾಗಿ ಶಬ್ದ ಯಾರ ಬಾಯಿಂದ ಬಂದರೂ ಸರಿ, ಯಾಕೆ ಏನು ಎಂದು ಕೇಳದೆ ಕೂಡಲೇ ಹಾಗೆ ಮಾಡುವುದು. ಇದನ್ನು ಎಲ್ಲರಿಗೂ ಹೇಳಿದೆ. ಮಾವನೊಂದಿಗೆ ಖಾಲಿ ಜಾಕಿನ ಮೇಲೆ ತಾಲೀಮು ಕೂಡ ಮಾಡಿದೆ. ನಾನು "ವರ" ಎಂದು ಕೂಗಿದಾಗ ಅಂಗಳದಿಂದ ಅತ್ತೆ, ವರ ಬಂದನೇ, ಯಾರ ಮನೆಯವನು, ಎಷ್ಟು ಓದಿದ್ದಾನೆ ಎಂದು ವಿಚಾರಿಸಿದರು. ಹೆಂಡತಿ ನಗುವುದು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. ನಾನು ನಗಲಿಲ್ಲ. ನಿಯಮದ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಕೆಲಸದ ದಿನ ಬೆಳಿಗ್ಗೆ ಮಿಸ್ತ್ರಿ ಉಪ್ಪಿಟ್ಟು ತಿಂದು ಕೈ ಒರೆಸಿಕೊಂಡು ಶುರುಮಾಡಿದ. ಕಂಬದ ಎರಡೂ ಬದಿಗೆ ಗಟ್ಟಿ ದಿಮ್ಮಿಗಳನ್ನು ನಿಲ್ಲಿಸಿ, ಅವುಗಳ ಕೆಳಗೆ ಜಾಕು ಕೊಟ್ಟ. ಹಗೇವಿನ ಸುದ್ದಿ ಹೇಳಿದಾಗ ಒಂದು ಹಲಗೆ ಹೆಚ್ಚು ಹಾಕಿದ. "ವರ" ಅಂದ. ನಾವು ತಿರುಗಿಸಿದೆವು. ಏನೂ ಆಗಲಿಲ್ಲ. ಮತ್ತೆ "ವರ". ನಮ್ಮ ಹಿಡಿಕೆಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದವು, ತೊಲೆ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಎಲ್ಲೋ ಮೇಲೆ ಮರ ನರಳಿತು, ನನ್ನ ಕೊರಳ ಹಿಂದೆ ಮಣ್ಣು ಉದುರಿತು, ನನ್ನ ಪಟ್ಟಿಯೆಲ್ಲ ಒಮ್ಮೆಗೇ ನೆನಪಾಯಿತು. ಮಿಸ್ತ್ರಿ ಬೆರಳು ತೋರಿಸಿದ. ಹಳೆಯ ಕಂಬದ ತಲೆಗೂ ಅದರ ಮೇಲೆ ತೊಲೆಗೆ ಅಂಟಿಕೊಂಡ ಬೋದಿಗೆಗೂ ನಡುವೆ ಸಣ್ಣ ಗೆರೆಯಂತೆ ಬೆಳಕು ಕಾಣುತ್ತಿತ್ತು. ಮೂರು ತಲೆಮಾರಿನ ಮಣ್ಣನ್ನು ಒಬ್ಬ ಶಾಲೆ ಮಾಸ್ತರ ಮತ್ತು ಒಬ್ಬ ಪೂಜೆಯ ಅಯ್ಯನವರು ಕೈಯಿಂದ ಎತ್ತಿದ್ದರು. ತರಗತಿಯಲ್ಲಿ ನಾನು ಅದೇ ಮಾತನ್ನು ಎಷ್ಟೋ ಸಲ ಹೇಳಿದ್ದೆ, ನನಗೇ ನಂಬಿಕೆ ಇರಲಿಲ್ಲವೆಂದು ಆವತ್ತು ಗೊತ್ತಾಯಿತು.

ಮಿಸ್ತ್ರಿ ಹೆಗಲು ಕೊಟ್ಟು ನೂಕಿದ ಕೂಡಲೇ ಹಳೆಯ ಕಂಬ ಕುಡಿದವನ ಹಾಗೆ ಪಕ್ಕಕ್ಕೆ ಬಂತು. ಬುಡ ಬರಲಿಲ್ಲ, ಅದು ಹಿಟ್ಟಾಗಿ ಕಲ್ಲಿನ ಮೇಲೆಯೇ ಉಳಿಯಿತು. ಮಾವ ಅದನ್ನು ನೋಡಿ ಮೊದಲ ಸಲ ನಗಲಿಲ್ಲ. ಅತ್ತೆ ಬೆಳಿಗ್ಗೆಯಿಂದ ಅಂಗಳದಲ್ಲಿ ಮನೆಗೆ ಬೆನ್ನು ಮಾಡಿ ನಿಂತಿದ್ದರು.

ಕಲ್ಲನ್ನು ಗುಡಿಸಿ ಹೊಸ ಕಂಬ ನಿಲ್ಲಿಸಿದ್ದಾಯಿತು. ಅದರ ತಲೆಗೂ ಬೋದಿಗೆಗೂ ನಡುವೆ ತಿರುಪಿನ ಒಂದು ಎಳೆಯಷ್ಟೇ ಅಂತರ. ಇನ್ನು ತೊಲೆಯನ್ನು ಅದರ ಮೇಲೆ ಕೂರಿಸಿದರೆ ಮುಗಿಯಿತು. ಆದರೆ ಅದಕ್ಕೂ ಮುಂಚೆ ಕಂಬದ ಬುಡಕ್ಕೆ ಅರಿಶಿನ ಕುಂಕುಮ, ಒಂದು ಅಡಿಕೆ, ಒಂದು ನಾಣ್ಯ ಇಡಬೇಕು. ಮಿಸ್ತ್ರಿ ಒಂದು ಕಲ್ಲನ್ನು ಟೇಕು ಕೊಟ್ಟು, ಉದ್ದನೆಯ ಹಾರೆಯನ್ನು ಮೀಟಿ, ಕಂಬದ ಒಂದು ಅಂಚನ್ನು ಬೆರಳ ತುದಿ ತೂರುವಷ್ಟು ಎತ್ತಿ ಹಿಡಿದ. ಇಡುವುದು ಮನೆಯ ಹಿರಿಯ ಮುತ್ತೈದೆಯ ಕೈಯಿಂದಲೇ ಆಗಬೇಕೆಂದು ಮಾವ ಜಾಕಿನ ಹತ್ತಿರದಿಂದ ಕೂಗಿದರು. ಎಲ್ಲರೂ ಅಂಗಳದ ಕಡೆ ನೋಡಿದೆವು.

ಅತ್ತೆ ಬಂದರು. ಅದೇ ರಸ್ತೆ ದಾಟುವ ನಡಿಗೆಯಲ್ಲಿ, ತಟ್ಟೆ ಹಿಡಿದು, ಕೆಂಪು ಸೆರಗಿನ ಇಳಕಲ್ ಸೀರೆಯಲ್ಲಿ. ಬೇಗ ಮುಗಿಸಿ ಹೊರಡುವವರ ಹಾಗೆ ಕುಕ್ಕರಗಾಲಲ್ಲಿ ಕುಳಿತರು. ಅಷ್ಟರಲ್ಲಿ ನನಗೆ ಹೊಸದೊಂದು ಚಿಂತೆ ಹೊಳೆಯಿತು. ಕಂಬ ಕೆತ್ತುವಾಗ ಹಾರಿದ ಮರದ ಚಕ್ಕೆ ಕೆಳಗೆ ಹೋಗಿದ್ದರೆ? ಕಂಬ ಸುಳ್ಳುಸುಳ್ಳೇ ಕೂರುವುದಿಲ್ಲವೇ?

"ಅತ್ತೀ, ಮೊದಲ ಸಂದ್ಯಾಗ ನೋಡ್ರಿ, ಚಕ್ಕಿ ಗಿಕ್ಕಿ ಏನರ ಅವೇನು" ಅಂದೆ.

ಅವರು ಬಗ್ಗಿ, ಕತ್ತು ವಾರೆ ಮಾಡಿ, ಕಂಬದ ಬುಡವನ್ನು ಸರಿಯಾಗಿ ನೋಡಿದರು.

"ಏನೂ ಇಲ್ರಿ. ಖಾಲಿ."

ಮಿಸ್ತ್ರಿ ಹಾರೆ ಬಿಟ್ಟ. ಅವನದೇನೂ ತಪ್ಪಿಲ್ಲ, ಅವನ ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಆದರೆ ನಾನು? ಹುಟ್ಟಿದಾಗಿನಿಂದ ಖಾಲಿ ಎಂದರೆ ಏನೂ ಇಲ್ಲ ಎಂದೇ ತಿಳಿದವನ ಕೈ, ನನ್ನನ್ನು ಕೇಳದೆ, ಜಾಕನ್ನು ಇಳಿಸಿತು. ಎದುರಿಗೆ ಮಾವನ ಕೈಯೂ ಇಳಿಸಿತು. ಅಷ್ಟು ಚೆನ್ನಾಗಿ ತಾಲೀಮು ಮಾಡಿದ್ದೆವು. ತೊಲೆ ಒಂದು ಉಸಿರು ಬಿಟ್ಟು ಬೋದಿಗೆಯ ಸಮೇತ ಹೊಸ ಕಂಬದ ಮೇಲೆ ಕುಳಿತಿತು. ಮಣ್ಣು ಉದುರಿತು. ನಾವೆಲ್ಲ ಮೇಲೆ ನೋಡಿದೆವು. ಏನೂ ಬೀಳಲಿಲ್ಲ. ಅತ್ತೆಯ ಕೈ ನನಗೆ ನೆನಪಾದದ್ದು ಆಮೇಲೆ. ಕೆಳಗೆ ನೋಡಿದರೆ ಅವರ ಎರಡೂ ಕೈ ತಟ್ಟೆಯ ಮೇಲಿದ್ದವು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಅಡಿಕೆ, ನಾಣ್ಯ ಹಾಗೇ ಇದ್ದವು.

"ಅವ್ವಾ, ಏಳು ಇನ್ನ" ಅಂದಳು ಹೆಂಡತಿ.

"ಹ್ಯಾಂಗ ಏಳ್ಲಿ? ಮನಿ ಹಿಡಕೊಂಡದ."

ಬಗ್ಗಿದಾಗ ಹೆಗಲಿನಿಂದ ಜಾರಿದ ಸೆರಗಿನ ತುದಿ ಕಂಬದ ಕೆಳಗೆ ಹೋಗಿತ್ತು. ಹೆಂಡತಿ ಎಳೆದಳು. ಅದು ಮಿಸುಕಲಿಲ್ಲ. ಮಿಸ್ತ್ರಿ ನನ್ನ ಮುಖ ನೋಡಿ, "ವರ?" ಎಂದು ಕೇಳಿದ. ಮತ್ತೆ ಎತ್ತಲೇ ಎಂದು. ಮೊದಲ ಸಲ ಬೀಳದೆ ಬಿಟ್ಟದ್ದು ಎರಡನೇ ಸಲಕ್ಕೆ ಕಾಯುತ್ತಿದ್ದರೆ? ನಾನು ತೊಲೆಯನ್ನು ನೋಡುತ್ತಿರುವಾಗ ಉತ್ತರ ಕೊಟ್ಟವರು ಅತ್ತೆ.

"ಬ್ಯಾಡ್ರಿ. ಒಮ್ಮಿ ಕುಂತದ. ಕುಂತಿದ್ದು ಎಬ್ಬಸಬ್ಯಾಡ್ರಿ."

"ಮತ್ತ ನೀ?" ಅಂದಳು ಹೆಂಡತಿ.

"ನಾನೂ ಕುಂತೀನಲ್ಲ."

ಕತ್ತರಿ ತಂದರೆ, ಮೈಮೇಲಿನ ಸೀರೆಗೆ ಕತ್ತರಿ ಹಚ್ಚಬಾರದು ಅಂದರು. ಗಂಡಸರನ್ನು ಹೊರಗೆ ಕಳಿಸಿ, ಚಾದರ ಅಡ್ಡ ಹಿಡಿದು ಸೀರೆ ಬದಲಿಸೋಣ ಎಂದರೆ, ಆಮೇಲೆ, ಮೊದಲು ಚಹಾ ತಾ ಅಂದರು. ಚಹಾ ಅವರಿದ್ದಲ್ಲಿಗೇ ಬರಬೇಕಾದ್ದರಿಂದ ಎಲ್ಲರೂ ಆ ತೊಲೆಯ ಕೆಳಗೇ ಕುಳಿತು ಕುಡಿದೆವು. ಅಡಿಕೆ ನಾಣ್ಯ ಇಡದೇ ಹೋಯಿತಲ್ಲ ಎಂದು ನಾನು ಶುರುಮಾಡಿದಾಗ ಮಾವ ತಡೆದರು. ಮುತ್ತೈದೆಯ ಸೆರಗೇ ಹೋಗಿ ಕುಳಿತ ಮೇಲೆ ಅಡಿಕೆಯದೇನು ಲೆಕ್ಕ ಎಂಬುದು ಅವರ ಶಾಸ್ತ್ರ. ಅತ್ತೆ ಕುಪ್ಪಸದೊಳಗಿಂದ ಎಲೆಅಡಿಕೆಯ ಚಂಚಿ ತೆಗೆದು, ತಟ್ಟೆಯ ಅಡಿಕೆಯನ್ನೇ ಅಡಕೊತ್ತಿನಲ್ಲಿ ಕತ್ತರಿಸಿ ಎಲೆಯೊಂದಿಗೆ ಬಾಯಿಗೆ ಹಾಕಿಕೊಂಡರು. ಆಮೇಲೆ ಎಮ್ಮೆ ಕೊಳ್ಳುವವರು ಅದರ ಬೆನ್ನು ತಟ್ಟುವ ಹಾಗೆ ಕಂಬವನ್ನು ಅಂಗೈಯಿಂದ ತಟ್ಟಿದರು. ಇನ್ನೊಮ್ಮೆ ತಟ್ಟಿ, ಬೆನ್ನನ್ನು ಅದಕ್ಕೆ ಆನಿಸಿದರು.

ನಾನು, ಮಾವ ಜಾಕುಗಳನ್ನು ಹೊತ್ತು ಮಿಸ್ತ್ರಿಯನ್ನು ಉದಗೀರದ ಬಸ್ಸಿಗೆ ಹತ್ತಿಸಿ ಬಂದೆವು. ದಾರಿಯಲ್ಲಿ ಅವನು ನನಗೆ ನಿಯಮ ಚೆನ್ನಾಗಿತ್ತು ಅಂದ. ಹೊಗಳಿದನೋ ಬೈದನೋ ಈಗಲೂ ಖಾತ್ರಿಯಿಲ್ಲ.

ಬಂದು ನೋಡಿದರೆ ಅತ್ತೆ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದರು. ಕಂಬದ ಬುಡದಲ್ಲಿ, ಬರಿನೆಲದ ಮೇಲೆ, ಮೊಳಕೈ ತಲೆಯ ಕೆಳಗೆ ಮಡಚಿಕೊಂಡು. ಹೆಗಲಿನಿಂದ ಕಂಬದವರೆಗೆ ಸೆರಗು ಬಿಗಿಯಾಗಿ ಚಾಚಿಕೊಂಡಿತ್ತು. ಅದು ಯಾವುದರ ಹಾಗೆ ಕಾಣುತ್ತಿತ್ತೆಂದು ಬರೆಯುವುದಿಲ್ಲ, ಏಕೆಂದರೆ ಹೆಂಡತಿ ಇದನ್ನು ಓದುತ್ತಾಳೆ. ಸೀರೆ ಬದಲಿಸಿದ್ದರೆ ಅವರು ಯಾವಾಗಲೋ ಎದ್ದು ಅಂಗಳಕ್ಕೆ ಹೋಗಬಹುದಿತ್ತು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೆಂಡತಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಸೋಸಿದ ತೊಗರಿಬೇಳೆಯನ್ನೇ ಮತ್ತೆ ಸೋಸುತ್ತಿದ್ದಳು. ನಾನು ಗೋಡೆಗೆ ಒರಗಿ ತೊಲೆ ಕಾಯುತ್ತ ಕುಳಿತೆ. ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಚಾದರದ ಮರೆಯಲ್ಲಿ ಬೇರೆ ಸೀರೆ ಉಟ್ಟರು. ಅಂಗಳದ ಹಾಸಿಗೆಯನ್ನು ತಾವೇ ಸುತ್ತಿ ತಂದು ಆ ಕಂಬದ ಹತ್ತಿರ ಬಿಚ್ಚಿದರು. ಮಾವ ತಮ್ಮದನ್ನು ಇನ್ನೊಂದು ಕಂಬಕ್ಕೆ ಸರಿಸಬೇಕಾಯಿತು. ಮಿರಗ ಬಂತು, ತಗಡಿನ ಕೆಳಗೆ ನೀರು ನಿಂತಿತು, ಅಲ್ಲಿ ಯಾರೂ ಇರಲಿಲ್ಲ. ಆ ಮಳೆಗಾಲದಲ್ಲಿ ಉದಗೀರದ ಡಾಕ್ಟರ ಹತ್ತಿರ ಹೋದದ್ದು ಚಿಂತೆ ಮಾಡಿ ತಂದುಕೊಂಡ ನನ್ನ ಹೊಟ್ಟೆ ಉರಿತಕ್ಕೆ.

ಸೆರಗನ್ನು ಕಂಬದ ಬುಡಕ್ಕೆ ಸರಿಯಾಗಿ ಹೆಂಡತಿ ಕತ್ತರಿಸಿದ್ದಳು. ಉಳಿದ ಸೀರೆಗೆ ಅತ್ತೆ ಅಂಚು ಹೊಲಿದುಕೊಂಡು ಉಟ್ಟರು. ತಲೆಯ ಮೇಲೆ ಹೊದ್ದರೆ ಸೊಂಟಕ್ಕೆ ಸಿಕ್ಕಿಸಲು ಸಾಲುತ್ತಿರಲಿಲ್ಲ. ಸಾಲದಾಗಲೆಲ್ಲ ನನ್ನ ಕಡೆ ನೋಡಿ, "ಫಾಯ್ದೆ" ಅನ್ನುತ್ತಿದ್ದರು. ಅಷ್ಟೊಂದು ಕೆಡಬಹುದಾಗಿದ್ದದ್ದರಲ್ಲಿ ಕೆಟ್ಟದ್ದು ಅದೊಂದೇ: ಇಳಕಲ್ ಸೀರೆಯ ಒಂದು ಗೇಣು ಸೆರಗು.